ವಿಜಯಪುರದಿಂದ ಜೈಸಲ್ಮೇರ್‌ಗೆ: ಮನೆ ಮುಂದಿನ ರಸ್ತೆ ಹಿಡಿದು ಇಬ್ಬರೇ ಹೋಗಿ ಬಂದೆವು

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಎಲ್ಲರಿಗೂ ಶರಣು. ದಸರೆಗೆ ಮೊದಲು ಇಲ್ಲಿಯೇ ಕೇಳಿದ್ದೆ, ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಕಾರಿನಲ್ಲಿ ರಾಜಸ್ಥಾನಕ್ಕೆ ಹೋಗಬಹುದೇ ಎಂದು. ಬಹಳ ಮಂದಿ ಬೇಡ ಅಂದಿರಿ, ನಾಲ್ಕೈದು ಮಂದಿ ಧೈರ್ಯ ತುಂಬಿದಿರಿ. ಹೋಗಿ ಬಂದೆವು. ಬರುವಾಗ ಮೌಂಟ್ ಅಬು ಬೆಟ್ಟಕ್ಕೂ ಹೋಗಿದ್ದೆವು. 23 ದಿನ, ಮೀಟರಿನಲ್ಲಿ 4,610 ಕಿಲೋಮೀಟರ್. ಬಂದು ಹದಿನೈದು ದಿನವಾದರೂ ಕಣ್ಣು ಮುಚ್ಚಿದರೆ ರಸ್ತೆಯೇ ಕಾಣುತ್ತದೆ, ಅದಕ್ಕೇ ಬರೆಯಲು ಕೂತೆ.

ನಮ್ಮ ಮನೆ ಸೊಲ್ಲಾಪುರ ರಸ್ತೆಗೆ ಹತ್ತಿಕೊಂಡೇ ಇದೆ. ಅದು ರಾಷ್ಟ್ರೀಯ ಹೆದ್ದಾರಿ 52. ಅಂಕೋಲಾದಿಂದ ಹೊರಟು ಹುಬ್ಬಳ್ಳಿ, ಕೊಲ್ಹಾರ, ನಮ್ಮೂರು, ಸೊಲ್ಲಾಪುರ, ಇಂದೋರ್, ಕೋಟಾ, ಜೈಪುರ ದಾಟಿ ಪಂಜಾಬಿನ ಸಂಗ್ರೂರಿನವರೆಗೆ 2,300 ಕಿ.ಮೀ.ಗೂ ಹೆಚ್ಚು ಉದ್ದ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದೆ. ಗೋದಾವರಿ, ತಾಪಿ, ನರ್ಮದಾ, ಚಂಬಲ್ ಎಂದು ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ್ದೇ ಬಂತು, ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ಆ ನದಿಗಳೆಲ್ಲ ನಮ್ಮ ಮನೆ ಮುಂದಿನ ರಸ್ತೆಯ ಮೇಲೇ ಸಿಗುತ್ತವೆ ಎಂದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಿಸೆಂಬರ್ ಮೊದಲ ವಾರ ಬೆಳಗಿನ ಐದಕ್ಕೆ ಹೊರಟೆವು. ಡಿಕ್ಕಿಯಲ್ಲಿ ಅರವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಒಂದು ಡಬ್ಬಿ ಮಾದಲಿ, ಅಮೀನಗಡದ ಕರದಂಟು. ಧೂಳಖೇಡದಲ್ಲಿ ಭೀಮಾ ದಾಟಿದಾಗ ಇನ್ನೂ ಕತ್ತಲು. ಅಲ್ಲಿಂದ ಮುಂದೆ ಪ್ರತಿ ದೊಡ್ಡ ನದಿಯ ಸೇತುವೆ ದಾಟಿದ ಕೂಡಲೇ ನಮ್ಮ ಮನೆಯವರು ಗಾಡಿ ಬದಿಗೆ ಹಾಕುವುದು, ನಾನು ಇಳಿದು ನೀರು ನೋಡುವುದು ಎಂದು ಮಾತಾಗಿತ್ತು. ಶಹಾಗಡದಲ್ಲಿ ಗೋದಾವರಿ, ಶಿರಪುರದ ಮೊದಲು ತಾಪಿ, ಖಲಘಾಟದಲ್ಲಿ ನರ್ಮದೆ, ಕೋಟಾದಲ್ಲಿ ಚಂಬಲ್, ಟೋಂಕ್ ಹತ್ತಿರ ಬನಾಸ್. ಗೋದಾವರಿ ಮೂಡಣಕ್ಕೆ ಹರಿಯುತ್ತಾಳೆ, ತಾಪಿ ಮತ್ತು ನರ್ಮದೆ ಪಡುವಣಕ್ಕೆ, ಚಂಬಲ್ ಬಡಗಣಕ್ಕೆ. ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮಾತಿದು. ಖಲಘಾಟದಲ್ಲಿ ನರ್ಮದೆಯ ಮೇಲೆ ಮುಳುಗುವ ಸೂರ್ಯನ ಕಡೆಗೇ ನೀರು ಹೋಗುವುದನ್ನು ನೋಡಿ ಗಂಟಲು ಕಟ್ಟಿತು. ಶಾಜಾಪುರದ ಆಸುಪಾಸಿನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತ ದಾಟುತ್ತೇವೆ. ಅಲ್ಲಿ ಒಂದು ಚಹಾ ಕುಡಿದು ಮುಂದೆ ಹೋದೆವು.

ಉಳಿದದ್ದನ್ನು ತುಣುಕು ತುಣುಕಾಗಿ ಹಾಕುತ್ತೇನೆ. ಕೇಳುವುದಿದ್ದರೆ ಕೇಳಿರಿ.

ಜಮಖಂಡಿ ಲಾರಿ

ಟೀಚರಮ್ಮಾರ, ಕೈ ಮುಗಿತೀನ್ರಿ. ಇಪ್ಪತ್ತು ವರ್ಷ ಆತು ಈ ಲೈನ್ ಹೊಡಿಯಾಕತ್ತು, ಒಣದ್ರಾಕ್ಷಿ ಹಾಕ್ಕೊಂಡು ಇಂದೋರ್, ಜೈಪುರ. ನೀವು ಬರದ ನದಿ ಎಲ್ಲಾ ನಾನೂ ದಾಟೀನಿ, ಖರೇ ಹೇಳ್ತೀನಿ, ಒಂದ್ ದಿನಾನೂ ಇಳದು ನೋಡಿಲ್ಲ.

ಹೋಗೋರಿಗೆ ಒಂದ್ ಮಾತು. ಈ ದಾರಿಯೊಳಗ ಘಾಟ ಭಾಳ ಅದಾವ. ಮೊದಲನೇದು ಕನ್ನಡ ಘಾಟ. ಸಂಭಾಜಿನಗರ, ಅದೇ ಹಳೇ ಔರಂಗಾಬಾದ್, ದಾಟಿದ ಮ್ಯಾಲೆ ಕನ್ನಡ ಅನ್ನೋ ಊರು ಬರ್ತೈತಿ, ಹೌದ್ರಿ, ಊರ ಹೆಸರೇ ಕನ್ನಡ. ಅಲ್ಲಿಂದ ಚಾಳಿಸಗಾಂವಕ್ಕ ಇಳಿಯೋ ಔಟ್ರಮ್ ಘಾಟ. ಮಳಿಗಾಲದಾಗ ಗುಡ್ಡ ಕುಸೀತೈತಿ, 2021ರಾಗ ಭಾಳ ಕುಸಿದಿತ್ತು. 2023ರಿಂದ ನಮ್ಮಂಥಾ ದೊಡ್ಡ ಗಾಡಿ ಬಿಡಂಗಿಲ್ಲ, ನಾವು ಸುತ್ತ ಹಾಕ್ಕೊಂಡ ಹೋಗ್ತೀವಿ. ಮುಂದ ಸೇಂಧವಾ ಹತ್ರ ಬಿಜಾಸನ್ ಘಾಟ, ಅದು ಸಾತಪುಡಾ. ನರ್ಮದಾ ದಾಟಿದ ಮ್ಯಾಲೆ ಇಂದೋರಿಗೆ ಏರೋದು ವಿಂಧ್ಯ. ಯಾವ ಗೇರಿನಾಗ ಏರ್ತೀರಿ, ಅದೇ ಗೇರಿನಾಗ ಇಳೀರಿ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಸ್ತೀನಿ ಅಂತ ಹೋಗಬ್ಯಾಡ್ರಿ. ಬ್ರೇಕ್ ಮ್ಯಾಲೇ ಕಾಲಿಟ್ಟು ಇಳದ್ರ ಲೈನರ್ ಕಾದು ಬ್ರೇಕ್ ಹತ್ತಂಗಿಲ್ಲ. ಅಂಥಾ ಗಾಡಿ ಕಣ್ಣ ಮುಂದ ಹೋಗಿದ್ದು ನೋಡೀನಿ, ಅದಕ್ಕ ಇಷ್ಟ ಒತ್ತಿ ಹೇಳಾಕತ್ತೀನಿ.

ಮುಳುಗಡೆ ಊರಿನವ, ಬಾಗಲಕೋಟೆ

ಟೀಚರ್, ವೇರೂಳದಲ್ಲಿ ಇಳಿದಿರಿ ತಾನೇ? ಕನ್ನಡ ಊರಿನ ಮೊದಲು ಅದೇ ರಸ್ತೆಯಲ್ಲಿ ಎಲ್ಲೋರಾ ಸಿಗುತ್ತದೆ. ಅಲ್ಲಿಯ ಕೈಲಾಸನಾಥ ಗುಡಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಅದಕ್ಕೂ ಮೊದಲಿನದು, ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಎರಡರ ನಕ್ಷೆಯೂ ಅಕ್ಕ ತಂಗಿಯರ ಮುಖದ ಹಾಗೆ ಇದೆ. ಬಾಗಲಕೋಟೆ ಕಡೆಯವರು ಈ ದಾರಿಯಲ್ಲಿ ಹೋಗಿ ಅಲ್ಲಿ ಇಳಿಯದೆ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಇಳಿದೆವು ಅಣ್ಣಾರ. ಅರ್ಧ ದಿನ ಅಲ್ಲೇ ಇದ್ದೆವು. ನಮ್ಮ ಮನೆಯವರು ನಂದಿ ಮಂಟಪದ ಎದುರಿಗೆ ನಿಂತು, "ಪಟ್ಟದಕಲ್ಲಾಗ ಕಲ್ಲ ಮ್ಯಾಲೆ ಕಲ್ಲ ಇಟ್ಟಾರ, ಇಲ್ಲಿ ಗುಡ್ಡಾನೇ ಕಡದು ತಗದಾರ ನೋಡು" ಅಂದರು. ಅವರು ನಲವತ್ತು ವರ್ಷ ಕಲ್ಲು ಮಣ್ಣಿನ ಕೆಲಸದಲ್ಲಿದ್ದವರು. ಗೋಡೆಯ ಮೇಲಿನ ಉಳಿ ಗುರುತಿಗೆ ಬೆರಳಿಟ್ಟು, ಯಾವ ಕಡೆಯಿಂದ ಕಡಿಯುತ್ತ ಬಂದಿದ್ದಾರೆ ಎಂದು ಮೇಲಿನಿಂದ ಕೆಳಗಿನವರೆಗೆ ತೋರಿಸಿಕೊಟ್ಟರು.

ಖಾನಾಪುರದ ಮಳೆ, ಬೆಳಗಾವಿ

ಅಕ್ಕಾ, ನನಗೆ ಬೇರೆ ಪ್ರಶ್ನೆ ಇವೆ. ಕಾರು ಯಾರು ಓಡಿಸಿದ್ದು? ರಾತ್ರಿ ಓಡಿಸಿದಿರಾ? ಹೆಣ್ಣುಮಕ್ಕಳಿಗೆ ದಾರಿಯಲ್ಲಿ ಶೌಚಾಲಯ ಸಿಗುತ್ತವೆಯೇ? ಖರ್ಚು ಎಷ್ಟಾಯಿತು? ನಾನು ಮತ್ತು ನನ್ನ ಗಂಡ ಮದುವೆಯಾದ ವರ್ಷದಿಂದ ಹೋಗೋಣ ಹೋಗೋಣ ಅನ್ನುತ್ತಿದ್ದೇವೆ, ಮನೆಯಲ್ಲಿ ಎಲ್ಲರೂ ಹೆದರಿಸುತ್ತಾರೆ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ತಂಗೀ, ಇಬ್ಬರೂ ಓಡಿಸಿದೆವು. ನಾನು ಕಾರು ಕಲಿತಿದ್ದು ಐವತ್ತೆರಡನೇ ವಯಸ್ಸಿಗೆ. ಎರಡು ತಾಸಿಗೊಮ್ಮೆ ಸೀಟು ಬದಲು. ಅವರಿಗೆ ಮೊಣಕಾಲು ನೋವು, ಹಾಗಾಗಿ ಘಾಟ್ ಬಿಟ್ಟು ಬಯಲು ರಸ್ತೆಯೆಲ್ಲ ಹೆಚ್ಚು ಕಡಿಮೆ ನನ್ನದೇ. ಸಂಜೆ ಆರರ ಮೇಲೆ ಒಂದು ದಿನವೂ ಗಾಡಿ ಓಡಿಸಲಿಲ್ಲ, ದಿನಕ್ಕೆ 300 ಕಿ.ಮೀ. ಆದರೆ ಸಾಕು ಎಂದು ಗೆರೆ ಹಾಕಿಕೊಂಡಿದ್ದೆವು. ಶೌಚಕ್ಕೆ ದೊಡ್ಡ ಪೆಟ್ರೋಲ್ ಬಂಕುಗಳೇ ಆಸರೆ, ಬಂಕು ಕಂಡಾಗ ಬೇಕಿರಲಿ ಬಿಡಲಿ ಹೋಗಿ ಬರಬೇಕು. ಬಿಕಾನೇರ್‌ನಿಂದ ಜೈಸಲ್ಮೇರ್ ನಡುವೆ ಮಾತ್ರ ಬಹಳ ದೂರ ದೂರ.

ಖರ್ಚು: ಪೆಟ್ರೋಲಿಗೆ ಸುಮಾರು 28,000. ಟೋಲ್ 6,500ರ ಒಳಗೆ. ವಸತಿಗೆ 23,000, ಆರು ರಾತ್ರಿ ಧರ್ಮಶಾಲೆಗಳಲ್ಲೇ ಮಲಗಿದೆವು. ಊಟಕ್ಕೆ ನಮ್ಮ ರೊಟ್ಟಿ ಇತ್ತಲ್ಲ, ಮೊಸರು ಕೊಂಡರೆ ಆಯಿತು.

ಒಂದು ಬೇಸರದ ಸಂಗತಿ ಹೇಳಲೇಬೇಕು. ಹೊರಡುವ ಮೊದಲು ಗಾಡಿ ಸರ್ವಿಸಿಗೆ ಬಿಟ್ಟಿದ್ದೆವು. ಸ್ಟೆಪ್ನಿ ನೋಡಿದಿರೇನು ಎಂದು ಕೇಳಿದ್ದಕ್ಕೆ ಎಲ್ಲಾ ಸರಿ ಇದೆ ಅಂದರು. ಫಲೋದಿ ದಾಟಿ ಜಾಲಿ ಮುಳ್ಳು ಹೊಕ್ಕು ಪಂಕ್ಚರ್ ಆದಾಗ ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲಿ ಗಾಳಿಯೇ ಇಲ್ಲ, ವಾಲ್ವ್ ಹೋಗಿತ್ತು. ಮಟಮಟ ಮಧ್ಯಾಹ್ನ, ಸುತ್ತ ಒಂದು ಮನೆ ಇಲ್ಲ. ಹಾಲಿನ ಕ್ಯಾನು ಹೊತ್ತ ಜೀಪಿನವನೊಬ್ಬ ನಿಲ್ಲಿಸಿ, ಗಾಲಿ ಬಿಚ್ಚಿ, ನಮ್ಮ ಮನೆಯವರನ್ನು ಕೂರಿಸಿಕೊಂಡು ಹೋಗಿ ಪಂಕ್ಚರ್ ಹಾಕಿಸಿಕೊಂಡು ಬಂದ. ದುಡ್ಡು ಮುಟ್ಟಲಿಲ್ಲ. ಆ ಒಂದೂವರೆ ತಾಸು ನಾನು ಅಲ್ಲಿ ಒಬ್ಬಳೇ ಕೂತಿದ್ದೆ. ಸ್ಟೆಪ್ನಿ ಗಾಳಿ ನಿಮ್ಮ ಕಣ್ಣಾರೆ ನೋಡಿಕೊಂಡೇ ಹೊರಡಿರಿ, ಯಾರ ಮಾತಿನ ಮೇಲೂ ಬಿಡಬೇಡಿರಿ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಆ ಒಂದೂವರೆ ತಾಸಿನ ಮಾತು ಬಂತು, ಅದನ್ನೇ ಪೂರ್ತಿ ಹೇಳುತ್ತೇನೆ. ನಾನು ಈ ಚರ್ಚೆ ಶುರು ಮಾಡಿದ್ದೇ ಅದಕ್ಕೆ.

ಜೈಪುರದಿಂದ ಸೀಕರ್, ಫತೇಪುರದವರೆಗೆ ನಮ್ಮ 52ರಲ್ಲೇ ಹೋಗಿ ಅಲ್ಲಿ ಹೆದ್ದಾರಿ 11 ಹಿಡಿದೆವು. ಬಿಕಾನೇರ್, ಫಲೋದಿ, ಪೋಖರಣ್ ಮೇಲೆ ಜೈಸಲ್ಮೇರ್. ಮಣ್ಣು ಬದಲಾಗುವುದನ್ನು ಕಿಟಕಿಯಿಂದ ನೋಡುತ್ತಲೇ ಬಂದೆ. ನಮ್ಮ ಎರೆಮಣ್ಣು ಸೊಲ್ಲಾಪುರ, ಬೀಡ್ ದಾಟಿದರೂ ಎರೆಯೇ, ಮಾಳವದಲ್ಲೂ ಎರೆಯೇ. ಮುಕುಂದರಾ ಬೆಟ್ಟ ಹಿಂದೆ ಬಿದ್ದು ಕೋಟಾ ದಾಟಿದ ಮೇಲೆ ಬಣ್ಣ ತಿಳಿಯಾಗುತ್ತ ಹೋಗಿ, ಸೀಕರ್ ಹೊತ್ತಿಗೆ ಹೊಲದಲ್ಲಿ ಮರಳೇ. ವಿಮಾನದಲ್ಲಿ ಹೋಗಿ ಇಳಿದವರಿಗೆ ಇದು ಸಿಗುವುದಿಲ್ಲ.

ಗಾಡಿ ಕೆಟ್ಟ ಜಾಗದಲ್ಲಿ ರಸ್ತೆಯಿಂದ ಇಪ್ಪತ್ತು ಮಾರು ದೂರ ಒಂದು ಗಿಡ ಇತ್ತು. ನೆರಳು ಅಲ್ಲಿ ಚೆನ್ನಾಗಿದೆ ಎಂದು ಹೋದೆ. ಕೊಂಬೆ ಹಿಡಿದು ಎಲೆ ನೋಡಿದರೆ ಕೈ ನಿಂತಿತು. ಹುಣಸೆ ಎಲೆಗಿಂತ ಸಣ್ಣ, ಜೋಡಿ ಜೋಡಿ, ಬೂದಿ ಹಸಿರು, ನಡುವೆ ಗಿಡ್ಡ ಮುಳ್ಳು. ನಮ್ಮ ಬನ್ನಿ. ಎರಡು ತಿಂಗಳ ಹಿಂದೆ ದಸರೆಯ ಸಂಜೆ ಓಣಿಯ ಹಿರಿಯರ ಕೈಗೆ ಇದೇ ಎಲೆ ಕೊಟ್ಟು "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಎಂದು ಕಾಲಿಗೆರಗಿದ್ದೆ. ಮನೆಯಿಂದ ಎರಡು ಸಾವಿರ ಕಿಲೋಮೀಟರ್ ಆಚೆ, ಆ ಮರಳಿನಲ್ಲಿ, ಒಬ್ಬಳೇ ಕೂತವಳ ಎದುರು ಅದೇ ಬನ್ನಿ. ಒಂದು ಚಿಗುರು ಮುರಿದು ಪರ್ಸಿನಲ್ಲಿ ಇಟ್ಟುಕೊಂಡೆ. ಮನೆಯವರು ಗಾಲಿ ಹಿಡಿದು ಬಂದಾಗ ಅವರ ಕೈಗೆ ಅರ್ಧ ಕೊಟ್ಟೆ.

ಎರೆಮಣ್ಣು, ಸಿಂದಗಿ

ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಅದು ಬನ್ನೀನೇ ಅಂತ ಗ್ಯಾರಂಟಿ ಐತೇನ್ರಿ? ಬಳ್ಳಾರಿ ಜಾಲಿ ನೋಡಿರಬೇಕು ನೀವು. ಅದೂ ಹಂಗ ಕಾಣ್ತೈತಿ, ದೇಶ ತುಂಬ ಹಬ್ಬೈತಿ. ನಮ್ಮ ಹೊಲದ ಬದುವಿನ ಮ್ಯಾಲೆ ಎರಡೂ ಅದಾವ, ಅದಕ್ಕ ಕೇಳಿದೆ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಕೇಳಿದ್ದು ಒಳ್ಳೆಯದಾಯಿತು. ಬಳ್ಳಾರಿ ಜಾಲಿ ಅಲ್ಲೂ ಬೇಕಾದಷ್ಟಿದೆ, ವಿಲಾಯತಿ ಬಬೂಲ್ ಅನ್ನುತ್ತಾರೆ. ನಮ್ಮ ಗಾಲಿಗೆ ಹೊಕ್ಕಿದ್ದು ಅದರ ಮುಳ್ಳೇ. ಎರಡೂ ಒಂದೇ ಬಳಗದ ಗಿಡಗಳು, ಅದಕ್ಕೇ ಹೋಲುತ್ತವೆ. ಜಾಲಿ ಹೊರಗಿನಿಂದ ಬಂದದ್ದು, ಬುಡದಿಂದಲೇ ಪೊದೆಯಾಗಿ ಹರಡುತ್ತದೆ, ಮುಳ್ಳು ಉದ್ದ. ಬನ್ನಿ ಇಲ್ಲಿಯದೇ, ಒಂದೇ ಬೊಡ್ಡೆಯಾಗಿ ಮೇಲೇಳುತ್ತದೆ, ತೊಗಟೆ ಒಡೆದು ಒರಟಾಗಿರುತ್ತದೆ. ಹೊಲದ ನಡುವೆಯೇ ಉಳಿಸಿಕೊಂಡಿರುತ್ತಾರೆ, ಅದರ ಕೆಳಗೆ ಬೆಳೆ ಬಾಡುವುದಿಲ್ಲ. ಅಲ್ಲಿ ಅದಕ್ಕೆ ಖೇಜಡಿ ಎಂದು ಹೆಸರು, ರಾಜಸ್ಥಾನದ ರಾಜ್ಯವೃಕ್ಷ.

1730ರಲ್ಲಿ ಜೋಧಪುರ ಹತ್ತಿರದ ಖೇಜಡ್ಲಿ ಊರಿನಲ್ಲಿ ಅರಮನೆ ಕೆಲಸಕ್ಕೆ ಈ ಗಿಡ ಕಡಿಯಲು ಆಳುಗಳು ಬಂದಾಗ ಅಮೃತಾ ದೇವಿ ಎಂಬಾಕೆ ಗಿಡ ತಬ್ಬಿಕೊಂಡು ಪ್ರಾಣ ಕೊಟ್ಟಳು. ಅವಳೂ ಸೇರಿ ಒಟ್ಟು 363 ಮಂದಿ ಬಿಷ್ಣೋಯಿ ಪಂಥದವರು. ಬರುವಾಗ ಜೋಧಪುರದಿಂದ ಅಲ್ಲಿಗೆ ಹೋಗಿ ನಿಂತು ಬಂದೆವು. ನಾವು ವರ್ಷಕ್ಕೊಮ್ಮೆ ಎಲೆ ಹರಿದು ಹಂಚುವ ಗಿಡಕ್ಕೆ ಅಲ್ಲಿ ತಲೆ ಕೊಟ್ಟಿದ್ದಾರೆ. ಅದನ್ನು ಓದಿದ್ದೆ, ಆದರೆ ಅದು ಬನ್ನಿಯೇ ಎಂದು ನನಗೆ ಗೊತ್ತಿರಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. ಆ ನೋವು ಇದೆ.

ಇನ್ನೊಂದು. ಕೇರ್-ಸಾಂಗ್ರಿ ಪಲ್ಯ ಅಂತಾರಲ್ಲ, ಆ ಸಾಂಗ್ರಿ ಅಂದರೆ ಬನ್ನಿ ಕಾಯಿ. ಎಳೆಯದಿರುವಾಗ ಕಿತ್ತು, ಬೇಯಿಸಿ ಒಣಗಿಸಿ ವರ್ಷವಿಡೀ ಇಡುತ್ತಾರೆ. ಜೈಸಲ್ಮೇರ್ ಹತ್ತಿರದ ಖುರಿ ಊರಿನಲ್ಲಿ ಒಬ್ಬ ತಾಯಿಯ ಮನೆಯಲ್ಲಿ ಎರಡು ರಾತ್ರಿ ಇದ್ದೆವು. ಆಕೆ ಸಂಜೆ ಒಲೆ ಮುಂದೆ ಕೂತು ಸಜ್ಜೆ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಉಂಡೆಯನ್ನು ಎರಡು ಅಂಗೈ ನಡುವೆ ತಿರುಗಿಸುತ್ತ ಬಡಿಯತೊಡಗಿದಳು. ನಾವು ಕಲ್ಲಿನ ಮೇಲೆ ಬಡಿಯುತ್ತೇವೆ, ಆಕೆ ಗಾಳಿಯಲ್ಲಿ. ಸಪ್ಪಳ ಮಾತ್ರ ಅದೇ, ಕಣ್ಣು ಮುಚ್ಚಿದರೆ ನಮ್ಮವ್ವ ಅಡುಗೆಮನೆಯಲ್ಲಿದ್ದ ಹಾಗೆ. ನಾನು ಉಂಡೆ ಇಸಿದುಕೊಂಡು ನೆಲಕ್ಕೆ ಪರಾತ ಬೋರಲು ಹಾಕಿ ನಮ್ಮ ರೀತಿ ತೆಳ್ಳಗೆ ಬಡಿದೆ. ಆಕೆ ಸೊಸೆಯಂದಿರನ್ನು ಕೂಗಿ ಕರೆದು ತೋರಿಸಿದಳು. ಆಕೆಗೆ ಕನ್ನಡ ಬರದು, ನನ್ನ ಹಿಂದಿ ಅಷ್ಟಕ್ಕಷ್ಟೇ. ದಪ್ಪ ರೊಟ್ಟಿ, ತುಪ್ಪ, ಬೆಲ್ಲ, ಬನ್ನಿ ಕಾಯಿ ಪಲ್ಯ ಉಂಡೆವು. ಉಳಿದಿದ್ದ ಖಡಕ್ ರೊಟ್ಟಿಯಲ್ಲಿ ಹತ್ತು ಆಕೆಗೆ ಕೊಟ್ಟು ಬಂದೆ, ಶೇಂಗಾ ಹಿಂಡಿ ಜೊತೆ.

ಹಿಪ್ಪರಗಿ ದಂಡೆ

ಸಮ್ ಮರಳುಗುಡ್ಡದಾಗ ಟೆಂಟಿನಾಗ ಉಳೀಲಿಲ್ಲೇನ್ರಿ? ಎಲ್ಲಾರೂ ಅಲ್ಲೇ ಇರ್ತಾರಲ್ಲ. ಹಾಡು, ಕುಣಿತ, ಜೀಪ್ ಸಫಾರಿ, ಭಾರಿ ಇರ್ತೈತಿ. ಅಷ್ಟ ದೂರ ಹೋಗಿ ಬಿಟ್ಟು ಬಂದ್ರಲ್ಲ ಅನಸ್ತೈತಿ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಒಂದು ಸಂಜೆ ಸಮ್‌ಗೆ ಹೋದೆವು, ಜೈಸಲ್ಮೇರ್‌ನಿಂದ 40 ಕಿ.ಮೀ. ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಮರಳಿನ ಮೇಲೆ ಜೀಪುಗಳ ಸಾಲು, ಸ್ಪೀಕರ್ ಅಬ್ಬರ. ಮರುಭೂಮಿಯಲ್ಲಿ ನನಗೆ ಬೇಕಾಗಿದ್ದದ್ದು ಅಲ್ಲಿಯ ಮೌನ, ಅದು ಖುರಿಯಲ್ಲಿ ಸಿಕ್ಕಿತು. ನಸುಕಿನಲ್ಲಿ ದಿಬ್ಬ ಹತ್ತಿ ಕೂತರೆ ಮರಳಿನ ಮೇಲೆ ರಾತ್ರಿ ಓಡಾಡಿದ ಜೀರುಂಡೆಯ ಕಾಲಿನ ಗೆರೆ ಕೂಡ ಕಾಣುತ್ತದೆ, ಹೊಲಿಗೆ ಹಾಕಿದ ಹಾಗೆ. ಗಾಳಿ ಎದ್ದ ಮೇಲೆ ಅಳಿಸಿಹೋಗುತ್ತದೆ.

ಸಮ್ ಬದಿಯ ಡಾಂಬರು ಬಿಟ್ಟು ಎರಡು ಗಾಲಿ ಕೆಳಗಿಳಿಸಿದ್ದಕ್ಕೆ ನಮ್ಮ ಕಾರು ಹುಗಿಯಿತು. ಆಕ್ಸಲರೇಟರ್ ಒತ್ತಿದಷ್ಟೂ ಒಳಗೆ. ಕುರಿ ಕಾಯುವ ಹುಡುಗ ಬಂದು ಮುಂದಿನ ಗಾಲಿಗಳ ಗಾಳಿ ಇಳಿಸಲು ಹೇಳಿದ. ಒತ್ತಡ 18 ಪಿ.ಎಸ್.ಐ.ಗೆ ಇಳಿಸಿದೆವು, ಗಾಲಿ ಅಗಲವಾಗಿ ಕೂತು ಮರಳು ಹಿಡಿಯಿತು, ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿದಾಗ ಹೊರಬಂತು. ಆಮೇಲೆ ಗಾಳಿ ತುಂಬುವ ಸಣ್ಣ ಪಂಪು ಜೊತೆಗಿರಲೇಬೇಕು, ಇಲ್ಲದಿದ್ದರೆ ಡಾಂಬರಿನ ಮೇಲೆ ಟೈರ್ ಹರಿಯುತ್ತದೆ.

ಎರೆಮಣ್ಣು, ಸಿಂದಗಿ

ಅಲ್ಲಿ ಎರೆಭೂತ ಹಕ್ಕಿ ಅದಾವಂತಲ್ಲ, ಕಂಡವೇನ್ರಿ? ನಮ್ಮ ಮುತ್ಯಾ ಹೇಳ್ತಿದ್ದ, ಅವನ ಕಾಲಕ್ಕ ಎರಿ ಹೊಲದಾಗ ಕಡ್ಲಿ ಬೆಳಿಯಾಗ ಕುರಿಯಷ್ಟ ಎತ್ತರದ ಹಕ್ಕಿ ನಡದ ಹೋಗ್ತಿದ್ದು ಅಂತ. ನಾನಂತೂ ಹುಟ್ಟಿದ ಮ್ಯಾಲೆ ಒಂದೂ ನೋಡಿಲ್ಲ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಒಂದೇ ಒಂದು ಕಂಡಿತು, ಮರುಭೂಮಿ ರಾಷ್ಟ್ರೀಯ ಉದ್ಯಾನದ ಬದಿಯಲ್ಲಿ, ಬಹಳ ದೂರದಿಂದ. ಹುಲ್ಲಿನಲ್ಲಿ ಬಿಳಿ ಕತ್ತು ಎತ್ತಿ ನಿಂತಿತ್ತು. ಅಲ್ಲಿ ಅದಕ್ಕೆ ಗೋಡಾವಣ್ ಅನ್ನುತ್ತಾರೆ. ಈಗ ಅದು ಉಳಿದಿರುವುದು ಬಹುತೇಕ ಅಲ್ಲಿಯೇ. ಆ ಹಕ್ಕಿಗೆ ಕಣ್ಣು ಎರಡು ಬದಿಗೆ, ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಮೈ ಭಾರ. ಸೋಲಾರ್, ಗಾಳಿಯಂತ್ರಗಳ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು, 2024ರಲ್ಲಿ ಆ ಆದೇಶ ಸಡಿಲಾಯಿತು. ನಮ್ಮ ಪಕ್ಕದ ಸೊಲ್ಲಾಪುರದ ನಾನ್ನಜ್‌ನಲ್ಲಿ ಈ ಹಕ್ಕಿಗೆಂದೇ ಅಭಯಾರಣ್ಯ ಇದೆ. ಹೆಸರಿನಲ್ಲೇ ಎರೆ ಇಟ್ಟುಕೊಂಡ ಹಕ್ಕಿಯನ್ನು ನೋಡಲು ಮರಳಿನವರೆಗೆ ಹೋಗಬೇಕಾಯಿತಲ್ಲ ಎಂದು ಸಂಕಟವಾಯಿತು.

ಮುಳುಗಡೆ ಊರಿನವ, ಬಾಗಲಕೋಟೆ

ಜೈಸಲ್ಮೇರ್ ಕೋಟೆಯ ಬಗ್ಗೆ ನೀವು ಬರೆಯಲಿಲ್ಲ. ನಾನು ಹಿಂದೊಮ್ಮೆ ರೈಲಿನಲ್ಲಿ ಹೋಗಿದ್ದೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ, ಇಂದಿಗೂ ಒಳಗೆ ಜನ ಬಾಳುತ್ತಾರೆ. ಅದಕ್ಕೆ ಈಗ ನೀರೇ ಶತ್ರು. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುತ್ತಿದ್ದ ಊರಿಗೆ ನಲ್ಲಿ ಬಂತು, ಹೋಟೆಲ್ ಬಂತು, ಬಳಸಿದ ನೀರು ಬುಡಕ್ಕೆ ಇಂಗಿ ಬುರುಜುಗಳು ಕುಸಿದವು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವ ನಾನು. ಮರುಭೂಮಿಯ ನಡುವೆ ನೀರಿನಿಂದ ಬಿರಿದ ಗೋಡೆ ನೋಡಿ ಅಲ್ಲೇ ಕೂತುಬಿಟ್ಟೆ. ಜೊತೆಗಿದ್ದವರಿಗೆ ಯಾಕೆಂದು ಹೇಳಲಾಗಲಿಲ್ಲ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಅಣ್ಣಾರ, ಇದನ್ನು ಓದಿ ಇವರಿಗೂ ತೋರಿಸಿದೆ. ಇವರ ಅಕ್ಕನ ಮನೆಯೂ ಹಳೆ ಬಾಗಲಕೋಟೆಯಲ್ಲಿ ನೀರಿಗೆ ಹೋದದ್ದು. ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ನೀರಿನ ಮಾತಿಗೆ ಒಂದು ಸೇರಿಸುತ್ತೇನೆ. ಜೈಪುರದಿಂದ ಆಗ್ರಾ ರಸ್ತೆಯಲ್ಲಿ 95 ಕಿ.ಮೀ. ಹೋದರೆ ಆಭಾನೇರಿ, ಅಲ್ಲಿಯದು ಚಾಂದ್ ಬಾವಡಿ ಎಂಬ ಮೆಟ್ಟಿಲುಬಾವಿ. ನಮ್ಮೂರಲ್ಲೂ ಚಾಂದ್ ಬಾವಡಿ ಇದೆಯಲ್ಲ, ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಿದ್ದು, ಚಾಂದ್ ಬೀಬಿ ಹೆಸರಿನದು. ಆಭಾನೇರಿಯದು ಅದಕ್ಕಿಂತ ಏಳೆಂಟು ನೂರು ವರ್ಷ ಹಳೆಯದು, 13 ಅಂತಸ್ತು, 3,500 ಮೆಟ್ಟಿಲು. ಎರಡಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದು. ಆದರೆ ಅಲ್ಲಿ ಸ್ವಚ್ಛವಾಗಿ ಇಟ್ಟಿದ್ದಾರೆ, ಬೇಲಿ ಇದೆ, ಕಾವಲಿದೆ. ನಮ್ಮ ಬಾವಡಿಗಳಲ್ಲಿ ಪ್ಲಾಸ್ಟಿಕ್ ತೇಲಿದ ದಿನಗಳನ್ನು ನಾನೇ ಕಂಡಿದ್ದೇನೆ. ತಾಜ್ ಬಾವಡಿ ಹೂಳೆತ್ತಿದಾಗ ನನ್ನ ಶಾಲೆಯ ಮಕ್ಕಳನ್ನು ಸಾಲಾಗಿ ಕರೆದೊಯ್ದು ತೋರಿಸಿದ್ದೆ, ಅದು ನೆನಪಾಯಿತು.

ಖಾನಾಪುರದ ಮಳೆ, ಬೆಳಗಾವಿ

ಅಕ್ಕಾ, ಬೆಟ್ಟದ ಕಥೆ ಬಾಕಿ ಇದೆ. ಮೌಂಟ್ ಅಬುಗೆ ಹೋಗಿದ್ದೆ ಅಂದಿದ್ದಿರಿ. ಸಹ್ಯಾದ್ರಿ ಮಗ್ಗುಲಲ್ಲೇ ಬೆಳೆದ ನಮಗೆ ಅದು ವಿಶೇಷ ಅನ್ನಿಸುತ್ತದೆಯೇ?

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ನಿನ್ನ ಖಾನಾಪುರದ ಕಾಡಿನ ಹಸಿರು ಅಲ್ಲಿ ಸಿಗುವುದಿಲ್ಲ ತಂಗೀ. ಅರಾವಳಿ ಜಗತ್ತಿನ ಬಹಳ ಹಳೆಯ ಬೆಟ್ಟಸಾಲು, ಸವೆದು ಸವೆದು ಎಲುಬು ಉಳಿದ ಹಾಗಿದೆ. ಅರಬ್ಬಿ ಸಮುದ್ರದಿಂದ ಬರುವ ಮೋಡದ ದಾರಿಗೆ ಅದು ಅಡ್ಡ ನಿಂತಿಲ್ಲ, ಉದ್ದಕ್ಕೆ ಮಲಗಿದೆ. ಮೋಡ ತಡೆಯದೆ ಬದಿಯಿಂದ ಹೋಗಿಬಿಡುತ್ತದೆ, ಆಚೆ ಮರುಭೂಮಿ ಒಣಗುತ್ತದೆ. ನಿಮ್ಮ ಸಹ್ಯಾದ್ರಿ ಮೋಡವನ್ನು ಅಡ್ಡಗಟ್ಟಿ ಮಳೆಯೆಲ್ಲ ತಾನೇ ಇಳಿಸಿಕೊಳ್ಳುತ್ತದೆ, ನಮ್ಮ ವಿಜಯಪುರಕ್ಕೆ ಬರುವುದು ಉಳಿದದ್ದು.

ಜೋಧಪುರದಿಂದ ರಾಣಕಪುರ, ಅಲ್ಲಿಂದ ಅಬು. ಆಬು ರೋಡಿನಿಂದ ಮೇಲಕ್ಕೆ 28 ಕಿ.ಮೀ. ಘಾಟ್. ಗುರುಶಿಖರ 1,722 ಮೀಟರ್, ಅರಾವಳಿಯ ತುತ್ತತುದಿ. ಮೇಲೆ ಹತ್ತುವ ಮೆಟ್ಟಿಲಲ್ಲಿ ಇವರ ಮೊಣಕಾಲು ಕೈಕೊಟ್ಟಿತು. ನಾನು ಕೆಳಗೇ ಇರುತ್ತೇನೆ ಅಂದೆ. "ನೀ ಹೋಗಿ ನೋಡಿ ಬಾ, ಬಂದು ನನಗ ಹೇಳು" ಅಂದು ಕಲ್ಲಿನ ಮೇಲೆ ಕೂತರು. ನಾನು ಹತ್ತಿದೆ. ಪಶ್ಚಿಮಕ್ಕೆ ನಾವು ಹತ್ತು ದಿನ ಓಡಾಡಿ ಬಂದ ಬಯಲು ಬಿಸಿಲಿನ ಮಬ್ಬಿನಲ್ಲಿ ಬೆಳ್ಳಗೆ ಹರಡಿತ್ತು, ಪೂರ್ವಕ್ಕೆ ಬೆಟ್ಟದ ಮೇಲೆ ಬೆಟ್ಟ. ಇಳಿದು ಬಂದು ಎರಡನ್ನೂ ಹೇಳಿದೆ. ಎಲ್ಲ ಕೇಳಿ, "ಗುರುತು ಹಿಡಿಯಾಕ ಬನ್ನಿ ಗಿಡ ಕಂಡೀತೇನು?" ಎಂದು ಕೇಳಿದರು. ಅಷ್ಟು ದೂರದಿಂದ ಹೇಗೆ ಕಂಡೀತು.

ದಿಲವಾಡಾ ಗುಡಿಗಳಿಗೆ ಜೈನರಲ್ಲದವರನ್ನು ಮಧ್ಯಾಹ್ನ 12ರ ಮೇಲೆ ಒಳಗೆ ಬಿಡುತ್ತಾರೆ, ಫೋಟೋ ತೆಗೆಯಲು ಬಿಡುವುದಿಲ್ಲ. ಅವುಗಳಲ್ಲಿ ವಿಮಲ ವಸಹಿ ಗುಡಿ 1031ರದ್ದು. ಅಮೃತಶಿಲೆಯ ಛತ್ತಿನಿಂದ ಕೆಳಗೆ ಇಳಿಬಿದ್ದ ಕಮಲದ ಎಸಳು ಎಷ್ಟು ತೆಳು ಅಂದರೆ ಬೆಳಕು ಅದರೊಳಗಿನಿಂದ ತೂರಿ ಬರುತ್ತಿತ್ತು. ಕ್ಯಾಮೆರಾ ಇಲ್ಲದ್ದರಿಂದ ಅಲ್ಲೇ ಕತ್ತೆತ್ತಿ ನೋಡುತ್ತ ನಿಂತೆವು. ಉದಯಪುರ, ಚಿತ್ತೋಡ, ರತ್ಲಾಮ್ ಮೇಲೆ ಇಂದೋರಿಗೆ ಬಂದು ಮತ್ತೆ ನಮ್ಮ 52 ಸೇರಿದೆವು.

ಜಮಖಂಡಿ ಲಾರಿ

ಟೀಚರಮ್ಮಾರ, ಮೊನ್ನಿ ಇಂದೋರಿಗೆ ಹೊಂಟಿದ್ದೆ. ಖಲಘಾಟದಾಗ ಗಾಡಿ ಬದಿಗೆ ಹಾಕಿ ಇಳದೆ. ಕ್ಲೀನರ್ ಹುಡುಗ ಏನಾತ್ರಿ ಅಂದ. ನೀರು ಎತ್ತಾಗ ಹರೀತೈತಿ ನೋಡು ಅಂದೆ. ಇಬ್ಬರೂ ಮಾರಿ ತೊಳಕೊಂಡು ಬಂದ್ವಿ.

ಎರೆಮಣ್ಣು, ಸಿಂದಗಿ

ಅಕ್ಕಾರ, ಇವತ್ತ ಹೊಲಕ್ಕ ಹೋಗಿ ಬದುವಿನ ಮ್ಯಾಲಿನ ಎರಡೂ ಗಿಡ ಹತ್ರ ನಿಂತು ನೋಡಿದೆ. ನೀವು ಹೇಳಿದ್ದು ಖರೇ, ಬೊಡ್ಡಿ ಬ್ಯಾರೆ, ಮುಳ್ಳು ಬ್ಯಾರೆ. ಜಾಲಿ ಕಡಸಬೇಕು ಅಂತ ಆಳಿಗೆ ಹೇಳಿದ್ದೆ, ಅವ ಎರಡೂ ಕಡೀತಿದ್ದ. ಬನ್ನಿ ಸುತ್ತ ಕೆಂಪು ಅರಬಿ ಕಟ್ಟಿ ಬಂದೀನಿ. ಇದರ ಕಾಯಿ ನಮ್ಮನ್ಯಾಗ ಯಾರೂ ತಿಂದಿಲ್ಲ, ದನ ತಿಂತಾವ. ನಮ್ಮಾಕಿ ಪಲ್ಯ ಹೆಂಗ ಮಾಡೂದು ಕೇಳು ಅಂತ ಗಂಟ ಬಿದ್ದಾಳ.

ಸೊಲ್ಲಾಪುರ ರಸ್ತೆ ಟೀಚರ್, ವಿಜಯಪುರ

ಮೊದಲು ಒಣಗಿದ ಕಾಯಿ ರಾತ್ರಿಯಿಡೀ ನೆನೆಹಾಕಿ, ಬೇಯಿಸಿ, ನೀರು ಚೆಲ್ಲಬೇಕು. ಆಮೇಲೆ ಎಣ್ಣೆಗೆ ಜೀರಿಗೆ, ಅಜವಾನ, ಒಣಮೆಣಸಿನಕಾಯಿ, ಕಡೆಗೆ ಒಣಮಾವಿನ ಪುಡಿ. ನನ್ನ ಹತ್ತಿರ ಆ ತಾಯಿ ಕಟ್ಟಿಕೊಟ್ಟ ಒಂದು ಗಂಟು ಸಾಂಗ್ರಿ ಇದೆ. ನಿಮ್ಮ ಮನೆಯವರನ್ನು ಕರೆದುಕೊಂಡು ಬರ್ರಿ, ಅರ್ಧ ಕೊಡುತ್ತೇನೆ. ನಿಮ್ಮ ಗಿಡದ ಕಾಯಿ ಬೇಸಿಗೆಗೆ ಬಿಡುತ್ತವೆ, ಬಲಿಯುವ ಮೊದಲೇ ಕೀಳಬೇಕು.

ಎರೆಮಣ್ಣು, ಸಿಂದಗಿ

ಐತವಾರ ಬರ್ತೀವ್ರಿ, ಇಬ್ಬರೂ.